ಮಂದಿ ಬಂದರು, ಗಿರಾಕಿ ಬರಲಿಲ್ಲ: ಹುಬ್ಬಳ್ಳಿಯ ಹಳೇ ಪೇಟೆಯೊಂದರ ಕಬಡ್ಡಿ ಲೀಗ್

ಇದು ಹುಬ್ಬಳ್ಳಿಯ ಹಳೇ ಪೇಟೆಯ ಒಂದು ವ್ಯಾಪಾರಿ ಸಂಘದ ಕಥೆ. ಸಂಜೆ ಹೊತ್ತು ಪೇಟೆಗೆ ಜನ ಬರೋದು ಕಡಿಮೆ ಆಯಿತು ಅಂತ ಅವರು ವೃತ್ತಿಪರ ಕಬಡ್ಡಿ ಲೀಗ್ ನಡೆಸಲು ಕೈ ಹಾಕಿದರು. ಮೊದಲ ವರ್ಷ ಮೈದಾನ ತುಂಬಿತು, ಗಲ್ಲಾ ತುಂಬಲಿಲ್ಲ. ಮರುವರ್ಷ ಊರ ಹೆಸರಿನ ತಂಡ ಕೊಡುತ್ತೇವೆ ಅಂತ ಬಂದ ಕಂಪನಿಗೆ ಇಲ್ಲ ಅಂದರು. ಆಮೇಲೆ ಸಣ್ಣದಾಗಿ, ತಮ್ಮ ಅನುಕೂಲಕ್ಕೆ ಹೊಂದುವ ಹಾಗೆ ಮತ್ತೆ ಮಾಡಿದರು. ಹಾವೇರಿ, ಗದಗ, ದಾವಣಗೆರೆಯ ಪೇಟೆಗಳಲ್ಲೂ ಇದೇ ತೊಂದರೆ ಇದೆ, ಇದೇ ಯೋಚನೆ ಅಲ್ಲಿಯವರಿಗೂ ಬರಬಹುದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಸಂಘ, ಓಣಿ, ಮೈದಾನ, ಕಂಪನಿ ಯಾವುದರ ಹೆಸರೂ ಇಲ್ಲಿಲ್ಲ. ಜನರನ್ನು ಅವರ ಕೆಲಸದಿಂದಷ್ಟೇ ಗುರುತಿಸಿದ್ದೇನೆ. ನಾನು ಸಂಘದ ಲೆಕ್ಕಪತ್ರ ನೋಡಿಕೊಳ್ಳುವವನು. ಸಭೆಯಲ್ಲಿ ಕೂರುತ್ತಿದ್ದೆ, ಕೈ ಎತ್ತುವ ಹಕ್ಕು ಇರಲಿಲ್ಲ.

ಹಿನ್ನೆಲೆ

ದುರ್ಗದ ಬೈಲ್, ಬ್ರಾಡ್‌ವೇ, ಕೊಪ್ಪಿಕರ ರಸ್ತೆ, ದಾಜಿಬಾನ ಪೇಟೆ, ಜನತಾ ಬಜಾರ. ಹುಬ್ಬಳ್ಳಿಯ ಹಳೇ ಪೇಟೆ ಅಂದರೆ ಇವೆಲ್ಲ ಒಂದಕ್ಕೊಂದು ಅಂಟಿಕೊಂಡಿರುವ ಜಾಗ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಶಿಗ್ಗಾವಿ ಕಡೆಯವರಿಗೆ ಮದುವೆ ಜವಳಿ ಅಂದರೆ ಮೊದಲಿನಿಂದ ಇಲ್ಲೇ. ಬೆಳಿಗ್ಗೆ ಬಸ್ಸಿಗೆ ಬಂದು, ಸೀರೆ, ಪಾತ್ರೆ, ಬಂಗಾರ, ಬಳೆ ಎಲ್ಲಾ ಮುಗಿಸಿ, ಸಂಜೆ ಗಿರ್ಮಿಟ್, ಮಿರ್ಚಿ ತಿಂದು ವಾಪಸ್ ಹೋಗುತ್ತಿದ್ದರು.

1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಸೇರಿ ಒಂದೇ ಮಹಾನಗರ ಪಾಲಿಕೆ ಆದವು. 2011ರ ಜನಗಣತಿ ಹೊತ್ತಿಗೆ ಅವಳಿ ನಗರದ ಜನಸಂಖ್ಯೆ 9.4 ಲಕ್ಷ ದಾಟಿತ್ತು. ಊರು ಬೆಳೆದದ್ದು ನಿಜ, ಆದರೆ ಪೇಟೆಯಿಂದ ಆಚೆಗೆ ಬೆಳೆಯಿತು. ಸಗಟು ವ್ಯಾಪಾರ ಅಮರಗೋಳದ ಎಪಿಎಂಸಿಗೆ ಹೋಯಿತು. ಹೊಸ ಬಸ್ ನಿಲ್ದಾಣ, ಮಾಲ್, ಕಾರ್ ಶೋರೂಮ್ ಎಲ್ಲಾ ಗೋಕುಲ ರಸ್ತೆ ಕಡೆ. ವಿದ್ಯಾನಗರದ ಹುಡುಗರಿಗೆ ಬೇಕಾದದ್ದು ವಿದ್ಯಾನಗರದಲ್ಲೇ ಸಿಗುತ್ತದೆ. 2018ರಿಂದ ಅವಳಿ ನಗರದ ನಡುವೆ ತನ್ನದೇ ಪ್ರತ್ಯೇಕ ದಾರಿಯಲ್ಲಿ ಚಿಗರಿ ಬಸ್ಸು ಓಡತೊಡಗಿದ ಮೇಲೆ ಧಾರವಾಡದ ದಾರಿಯುದ್ದಕ್ಕೂ ಹೊಸ ಹೊಸ ಅಂಗಡಿ ಸಾಲು ಎದ್ದವು.

ಪೇಟೆಯೊಳಗಿನ ತೊಂದರೆಯನ್ನೂ ಹೇಳಬೇಕು. ಇಲ್ಲಿನ ಸುಮಾರು ಅಂಗಡಿಗಳು ಪಗಡಿ ಮೇಲೆ ಇವೆ. ಎಂದೋ ಅಜ್ಜನ ಕಾಲದಲ್ಲಿ ದೊಡ್ಡ ಮೊತ್ತ ಕೊಟ್ಟು ಹಿಡಿದ ಮಳಿಗೆ, ತಿಂಗಳ ಬಾಡಿಗೆ ಇದ್ದೂ ಇಲ್ಲ ಅನ್ನುವಷ್ಟು ಕಡಿಮೆ. ಅಷ್ಟು ಬಾಡಿಗೆಗೆ ಯಾರು ರಿಪೇರಿ ಮಾಡಿಸ್ತಾರೆ ಅಂತ ಮಾಲಕ ಸುಮ್ಮನಿರುತ್ತಾನೆ. ಕಟ್ಟಡ ನನ್ನದಲ್ಲವಲ್ಲ ಅಂತ ಬಾಡಿಗೆದಾರನೂ ಸುಮ್ಮನಿರುತ್ತಾನೆ. ಮೇಲಿನ ಮಾಳಿಗೆ ಸೋರುತ್ತದೆ. ಅಲ್ಲಿ ಖಾಲಿ ಡಬ್ಬಿ, ಹಳೇ ಸ್ಟಾಕ್ ತುಂಬಿಡುತ್ತಾರೆ. ಕೆಳಗೆ ದೀಪ, ಮೇಲೆ ಕತ್ತಲು. ರಾತ್ರಿ ಎಂಟಾದರೆ ತಿಂಡಿ ಗಾಡಿಗಳ ಸುತ್ತ ಬಿಟ್ಟರೆ ಓಣಿಯಲ್ಲಿ ಮನುಷ್ಯರೇ ಕಾಣುವುದಿಲ್ಲ. ನನ್ನ ಮಟ್ಟಿಗೆ ಪೇಟೆಯ ಅರ್ಧ ಕಾಯಿಲೆ ಈ ಮಾಳಿಗೆಯಲ್ಲೇ ಇದೆ. ಆದರೆ ಸಂಘದ ಸಭೆಯಲ್ಲಿ ಅದರ ಮಾತು ಯಾರೂ ಎತ್ತುತ್ತಿರಲಿಲ್ಲ. ಯಾಕೆಂದರೆ ಅದೇ ಸಭೆಯಲ್ಲಿ ಮಾಲಕರೂ ಇದ್ದರು, ಬಾಡಿಗೆದಾರರೂ ಇದ್ದರು.

ಪಾರ್ಕಿಂಗ್ ಬಗ್ಗೆ ಮಾತ್ರ ಎಲ್ಲರೂ ಮಾತಾಡುತ್ತಿದ್ದರು.

ಕಬಡ್ಡಿ ಯಾಕೆ ಬಂತು

ನಮ್ಮೂರಿಗೆ ಕ್ರೀಡೆಯ ಆಸೆ ಹೊಸದೇನಲ್ಲ. ರಾಜನಗರದ ಕೆಎಸ್‌ಸಿಎ ಕ್ರಿಕೆಟ್ ಮೈದಾನದಲ್ಲಿ 2013ರಲ್ಲಿ ಚೇತೇಶ್ವರ ಪೂಜಾರ ವೆಸ್ಟ್ ಇಂಡೀಸ್ 'ಎ' ವಿರುದ್ಧ ಔಟಾಗದೆ 306 ಹೊಡೆದದ್ದನ್ನು ಇಲ್ಲಿಯವರು ಈಗಲೂ ಹೇಳುತ್ತಾರೆ. 2024ರ ಜನವರಿಯಲ್ಲಿ ಪಂಜಾಬ್ ವಿರುದ್ಧದ ರಣಜಿ ಪಂದ್ಯದಲ್ಲಿ ದೇವದತ್ತ ಪಡಿಕ್ಕಲ್ 193 ಹೊಡೆದದ್ದೂ ಇಲ್ಲೇ. ಗದಗಿನ ಸುನೀಲ್ ಜೋಶಿ ಹುಡುಗರಾಗಿದ್ದಾಗ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಬಂದು ಹೋಗುತ್ತಿದ್ದರು ಅನ್ನೋದು ಎರಡೂ ಊರಿನವರ ಹೆಮ್ಮೆ.

ಆದರೆ ಇದೆಲ್ಲ ಪೇಟೆಯಿಂದ ದೂರ ನಡೆಯುವುದು. 2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡ ರಾಜ್ಯದ ಟಿ20 ಕ್ರಿಕೆಟ್ ಟೂರ್ನಿ ಮಹಾರಾಜ ಟ್ರೋಫಿ ಗೆದ್ದಾಗ ಇನ್ನೂ ದೂರ. ಆ ಟೂರ್ನಿಯ ಪಂದ್ಯಗಳು ನಡೆದದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಫೈನಲ್ ದಿನ ಇಲ್ಲಿ ಅಂಗಡಿ ಹುಡುಗರು ಕೌಂಟರ್ ಕೆಳಗೆ ಮೊಬೈಲ್ ಇಟ್ಟುಕೊಂಡು ನೋಡಿದರು. ಸಂಘದ ಅಧ್ಯಕ್ಷರದ್ದು ಸೀರೆ ಅಂಗಡಿ, ಮಾತು ಸ್ವಲ್ಪ ಖಾರ. ಅವರು ಅಂದದ್ದು ಇಷ್ಟು: "ಹುಲಿ ನಮ್ದು, ಅಡವಿ ಬೆಂಗಳೂರಿಂದು."

ಮುಂದಿನ ಸಭೆಗೆ ಅವರು ಅಮೆರಿಕದಿಂದ ರಜೆಗೆ ಬಂದಿದ್ದ ಅಳಿಯನನ್ನು ಕರೆತಂದರು. ಅಳಿಯ ಓಕ್ಲಹೋಮಾ ಸಿಟಿಯ ಚಿತ್ರಗಳನ್ನು ತೋರಿಸಿದರು. ಸುಮಾರು 7 ಲಕ್ಷ ಜನರ ಊರು, ನಮ್ಮ ಅವಳಿ ನಗರಕ್ಕಿಂತ ಸ್ವಲ್ಪ ಸಣ್ಣದೇ. ಹಾಳು ಬಿದ್ದಿದ್ದ ಅಲ್ಲಿನ ಹಳೇ ಪೇಟೆ ಈಗ ಹೊಳೆಯುತ್ತಿದೆ. ಊರಿಗೆ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ತಂಡ ಬಂತು, ಪೇಟೆ ಎದ್ದಿತು ಅಂತ ಅವರು ವಿವರಿಸಿದರು. ಎಲ್ಲರ ಕಣ್ಣು ಅರಳಿತು. 2023ರಲ್ಲಿ ನಮ್ಮ ರೈಲು ನಿಲ್ದಾಣಕ್ಕೆ 1,507 ಮೀಟರಿನ ಪ್ಲಾಟ್‌ಫಾರ್ಮ್ ಬಂದಾಗಿನಿಂದ ದೊಡ್ಡದರ ಮೇಲೆ ನಮಗೆ ಪ್ರೀತಿ ಸ್ವಲ್ಪ ಜಾಸ್ತಿಯೇ ಆಗಿದೆ.

ಅಳಿಯ ಹೇಳಿದ್ದು ಸುಳ್ಳಲ್ಲ, ಆದರೆ ಹಿಂದುಮುಂದಾಗಿತ್ತು. ಅಲ್ಲಿ 1993ರಲ್ಲಿ ಊರ ಜನ ಮತ ಹಾಕಿ, ಡಾಲರಿಗೆ ಒಂದು ಸೆಂಟ್ ಮಾರಾಟ ತೆರಿಗೆ ಕೊಡಲು ಒಪ್ಪಿದರು. ಸಾಲ ಮಾಡದೆ, ತೆರಿಗೆ ಬಂದ ಹಾಗೆ ಕೆಲಸ ಮಾಡಿದರು. 1998ರಲ್ಲಿ ಒಂದು ಬೇಸ್‌ಬಾಲ್ ಮೈದಾನ, 1999ರಲ್ಲಿ ಹಳೇ ಗೋದಾಮುಗಳ ನಡುವೆ ಒಂದು ಕಾಲುವೆ, 2002ರಲ್ಲಿ ಒಳಾಂಗಣ ಕ್ರೀಡಾಂಗಣ. ಪಟ್ಟಿಯಲ್ಲಿ ಗ್ರಂಥಾಲಯವೂ ಇತ್ತು, ಸಂಗೀತ ಸಭಾಂಗಣವೂ ಇತ್ತು. ಆಗ ಊರಲ್ಲಿ ಎನ್‌ಬಿಎ ತಂಡವೇ ಇರಲಿಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಅಲ್ಲಿನ ತಂಡ ತಾತ್ಕಾಲಿಕವಾಗಿ ಬಂತು. ಸ್ವಂತ ತಂಡ ಬಂದದ್ದು 2008ರಲ್ಲಿ, ಅದೂ ಸಿಯಾಟಲ್‌ನಿಂದ ಎದ್ದು ಬಂದದ್ದು. ಅಂದರೆ ಪೇಟೆ ಮೊದಲು, ತಂಡ ಆಮೇಲೆ.

ಈ ಹಿಂದುಮುಂದನ್ನು ಸಭೆಯಲ್ಲಿ ಹಿಡಿದವರು ಬಳೆ ಅಂಗಡಿಯ ಅಕ್ಕಾರು. ಅವರಿಗೆ ಓಕ್ಲಹೋಮಾ ಗೊತ್ತಿರಲಿಲ್ಲ, ಪೇಟೆ ಗೊತ್ತಿತ್ತು. "ಆಟ ನೋಡಾಕ ಬಂದ ಹುಡುಗ ಬಳಿ ತೊಗೊಂಡು ಹೋಗ್ತಾನೇನ್ರೀ?" ಅಂತ ಕೇಳಿದರು. ಎಲ್ಲರೂ ನಕ್ಕರು. ಪ್ರಶ್ನೆ ಅಲ್ಲೇ ಉಳಿಯಿತು.

ಕ್ರಿಕೆಟ್ ಕೈಗೆಟುಕುವ ಮಾತಲ್ಲ. ಕಬಡ್ಡಿ ಹಾಗಲ್ಲ. ಗಂಡಸರ ಅಂಕಣ ಅಂದರೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಮ್ಯಾಟ್. 20 ನಿಮಿಷದ ಎರಡು ಅವಧಿ, ನಡುವೆ ಸಣ್ಣ ವಿರಾಮ. ಒಂದು ಸಂಜೆಗೆ ಎರಡು ಮೂರು ಪಂದ್ಯ ಆರಾಮಾಗಿ ಮುಗಿಯುತ್ತವೆ. ಸುತ್ತಲಿನ ಹಳ್ಳಿಗಳಲ್ಲಿ ತಂಡಗಳಿಗೆ ಬರ ಇಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಟಿವಿಯಲ್ಲಿ ನೋಡೋರೂ ಇದ್ದಾರೆ. ಕೋಚ್ ಆಗಿ ಒಬ್ಬ ನಿವೃತ್ತ ದೈಹಿಕ ಶಿಕ್ಷಕರು ಸಿಕ್ಕರು. ಮ್ಯಾಟ್, ದೀಪ, ಆಟಗಾರರ ಹರಾಜು, ಯೂಟ್ಯೂಬ್ ಪ್ರಸಾರ ಎಲ್ಲವನ್ನೂ ನೋಡಿಕೊಳ್ಳಲು ಬೆಂಗಳೂರಿನ ಒಂದು ಕಂಪನಿ ಮುಂದೆ ಬಂತು.

ಮೊದಲ ತೀರ್ಮಾನಗಳು

ಜಾಗದ ತೀರ್ಮಾನ ಸರಿಯಾಗಿತ್ತು. ಊರಾಚೆಯ ಒಂದು ಸಭಾಂಗಣ ಅಗ್ಗಕ್ಕೆ ಸಿಗುತ್ತಿತ್ತು. ಬೇಡ ಅಂದರು. ಪೇಟೆಗೆ ನಡೆದು ಹೋಗುವಷ್ಟು ಹತ್ತಿರದ ಮೈದಾನವನ್ನೇ ಹಿಡಿದರು. ಪೇಟೆಗಾಗಿ ಮಾಡುವ ಆಟ ಪೇಟೆ ಬಿಟ್ಟು ಹೋಗಬಾರದು ಅಂತ ಅಧ್ಯಕ್ಷರು ಹಟ ಹಿಡಿದದ್ದಕ್ಕೆ ಇದಾಯಿತು. ಮುಂದೆ ಇದೇ ಮಾತು ಅವರಿಗೇ ತಿರುಗಿ ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ದಿನ, ಹೊತ್ತಿನ ಬಗ್ಗೆ ಇಷ್ಟು ಯೋಚನೆ ಆಗಲಿಲ್ಲ. ಬಯಲಿನ ಮ್ಯಾಟ್ ಮೇಲೆ ನಾಲ್ಕು ಹನಿ ಬಿದ್ದರೂ ಆಟ ನಿಲ್ಲಬೇಕು. ಹಾಗಾಗಿ ಮಳೆಗಾಲ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಅಡ್ಡಮಳೆ. ಉಳಿದದ್ದು ದೀಪಾವಳಿ ಮುಗಿದ ಮೇಲಿನ ಚಳಿ. ಎಲ್ಲರೂ ಹೌದು ಅಂದರು. ತುಳಸಿ ಲಗ್ನ ಆದ ಮೇಲೆ ಮದುವೆ ಸೀಸನ್ ಶುರುವಾಗುತ್ತದೆ, ಹಳ್ಳಿ ಮಂದಿ ಜವಳಿಗೆ ಬರುವುದೂ ಅದೇ ದಿನಗಳಲ್ಲಿ ಅನ್ನೋದು ಜವಳಿ ವ್ಯಾಪಾರಿಗಳಿಗೇ ಹೊಳೆಯಲಿಲ್ಲ. ಪ್ರೇಕ್ಷಕರು ಜಾಸ್ತಿ ಸಿಗುವುದು ಸಂಜೆ ಅಂತ ಕಂಪನಿ ಆರರಿಂದ ಒಂಬತ್ತು ಗಂಟೆ ಇಟ್ಟಿತು. ಅಂಗಡಿಗಳ ಭರ್ತಿ ವ್ಯಾಪಾರದ ಹೊತ್ತೂ ಅದೇ.

ಇನ್ನು ರೊಕ್ಕ. ಅಂಗಡಿ ಅಂಗಡಿಗೆ ಹೋಗಿ ಪಟ್ಟಿ, ಅಂದರೆ ವಂತಿಗೆ, ಎತ್ತಿದರು. ಖರ್ಚಿನ ಪಟ್ಟಿಯಲ್ಲಿ ಮೇಲೆ ಹರಾಜಿನ ರಾತ್ರಿಯ ಸಮಾರಂಭ, ಸಿನಿಮಾ ಅತಿಥಿ, ಜರ್ಸಿ, ಪಟಾಕಿ. ಕೆಳಗೆ ಶೌಚಾಲಯ, ಬೈಕ್ ನಿಲ್ಲಿಸಲು ಜಾಗ, ಓಣಿಗೆ ದೀಪ. ಸಂಗ್ರಹ ಅಂದುಕೊಂಡಷ್ಟು ಆಗಲಿಲ್ಲ. ಕೆಳಗಿನಿಂದ ಮೇಲಕ್ಕೆ ಹೊಡೆದು ಹಾಕುತ್ತಾ ಬಂದರು. ಕೆಂಪು ಪೆನ್ನಿನ ಆ ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ.

ಮೊದಲ ಸೀಸನ್

ಆಟ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆರು ತಂಡ, ತುಂಬಿದ ಗ್ಯಾಲರಿ, ಸೀಟಿ, ಕೇಕೆ. ಸುತ್ತಲಿನ ಓಣಿಯ ಮುದುಕರು ಮಾಳಿಗೆ ಕಿಟಕಿ ತೆರೆದು ನೋಡಿದರು. ಬಹಳ ವರ್ಷ ಆಗಿತ್ತು ಆ ಕಿಟಕಿಗಳು ತೆರೆದು.

ಓಣಿಯಲ್ಲಿ ಬೇರೆಯೇ ನಡೆಯುತ್ತಿತ್ತು. ಐದೂವರೆಗೆ ಬೈಕುಗಳು ಬರಲು ಶುರು. ನಿಲ್ಲಿಸಲು ಜಾಗ ಗುರುತು ಮಾಡಿರಲಿಲ್ಲ, ಅಂಗಡಿ ಮೆಟ್ಟಿಲಿಗೆ ಒರಗಿಸಿ ಹೋದರು. ಒಂದು ಸಂಜೆ ಅಣ್ಣಿಗೇರಿ ಕಡೆಯ ಒಂದು ಮದುವೆ ಮನೆಯವರು ಟಾಟಾ ಏಸ್ ಮಾಡಿಕೊಂಡು ಬಂದಿದ್ದರು. ಮುಂದೆ ಡ್ರೈವರ್ ಪಕ್ಕ ಇಬ್ಬರು ಹಿರಿಯರು, ಹಿಂದೆ ಹೆಣ್ಣುಮಕ್ಕಳು, ಮಡಿಲಲ್ಲಿ ಬುತ್ತಿ ಗಂಟು. ಓಣಿಯ ಬಾಯಿಗೇ ಗಾಡಿ ನಿಂತಿತು. ಅಧ್ಯಕ್ಷರ ಅಂಗಡಿಯ ಹುಡುಗ ಓಡಿ ಹೋಗಿ ಬೈಕ್ ಸರಿಸಲು ನೋಡಿದ. ಹ್ಯಾಂಡಲ್ ಲಾಕ್. ಹತ್ತು ನಿಮಿಷ ಹಾರ್ನ್ ಬಾರಿಸಿ ಗಾಡಿ ಹಿಂದಕ್ಕೆ ಹೋಯಿತು. ಆ ಮನೆತನದ ಎರಡು ತಲೆಮಾರಿನ ಜವಳಿ ಈ ಅಂಗಡಿಯಿಂದಲೇ ಹೋಗಿತ್ತು. ಆ ಸಲ ಗೋಕುಲ ರಸ್ತೆಯಲ್ಲಿ ಆಯಿತು ಅಂತ ಆಮೇಲೆ ತಿಳಿಯಿತು.

ಬಂಗಾರದ ಅಂಗಡಿಯವರು ಗದ್ದಲಕ್ಕೆ ಹೆದರಿ ಪಂದ್ಯದ ದಿನ ಬೇಗ ಶಟರ್ ಎಳೆದರು. ಮಿರ್ಚಿ ಗಾಡಿಯ ಕಾಕಾಗೆ ಖುಷಿ ಆಗಬೇಕಿತ್ತು, ಆಗಲಿಲ್ಲ. ಮೈದಾನದ ಸುತ್ತಲಿನ ಜಾಗವನ್ನು ಕಂಪನಿ ತನ್ನ ಸ್ಟಾಲ್‌ಗಳಿಗೆ ಬಾಡಿಗೆಗೆ ಕೊಟ್ಟಿತ್ತು. ಕಾವಲಿನವರು ಗಾಡಿಗಳನ್ನು ಆಚೆ ತಳ್ಳಿದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಕೊಟ್ಟ ಗುರುತಿನ ಚೀಟಿ ಕಾಕಾನ ಹತ್ತಿರ ಇತ್ತು. ತೋರಿಸಿದರು. "ಇದು ಪ್ರೈವೇಟ್ ಪ್ರೋಗ್ರಾಮ್" ಅನ್ನೋ ಉತ್ತರ ಬಂತು.

ಹಳ್ಳಿಯಿಂದ ಬಂದ ಪ್ರೇಕ್ಷಕರು ಕೊನೆ ಪಂದ್ಯದ ಅರ್ಧಕ್ಕೇ ಎದ್ದು ಹೋಗುತ್ತಿದ್ದರು, ಕೊನೇ ಬಸ್ಸು ತಪ್ಪುತ್ತದೆ ಅಂತ. ಮನೆಯ ಹೆಣ್ಣುಮಕ್ಕಳಂತೂ ಬರಲೇ ಇಲ್ಲ. ಶೌಚಾಲಯ ಇಲ್ಲದ ಕಡೆ ಮೂರು ಗಂಟೆ ಯಾರು ಕೂರುತ್ತಾರೆ?

ಒಂದು ಸಂಜೆ ಮಾತ್ರ ಬೇರೆ ಥರ ಆಯಿತು. ಕೋಚ್ ಹಟ ಮಾಡಿ ಶಾಲಾ ಹುಡುಗಿಯರ ಪ್ರದರ್ಶನ ಪಂದ್ಯ ಇಟ್ಟಿದ್ದರು, ನಾಲ್ಕೂವರೆಗೆ. ಕಂಪನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ, ಪ್ರಸಾರವನ್ನೂ ಮಾಡಲಿಲ್ಲ. ಕೋಚ್ ಪಕ್ಕದ ಕಲ್ಯಾಣ ಮಂಟಪದವರನ್ನು ಕೇಳಿಕೊಂಡು ಅವರ ಶೌಚಾಲಯದ ಬೀಗ ತೆಗೆಸಿದ್ದರು. ಹುಡುಗಿಯರ ತಾಯಂದಿರು ಬಂದರು, ಅಜ್ಜಿಯರು ಬಂದರು, ಸಣ್ಣ ತಮ್ಮ ತಂಗಿಯರು ಬಂದರು. ಪಂದ್ಯ ಮುಗಿದಾಗ ಇನ್ನೂ ಬೆಳಕಿತ್ತು. ಎಲ್ಲಾ ಓಣಿಯಲ್ಲಿ ಅಡ್ಡಾಡಿದರು. ಅವತ್ತು ಬಳೆ ಅಂಗಡಿಯ ಅಕ್ಕಾರು ಊಟಕ್ಕೂ ಏಳಲಿಲ್ಲವಂತೆ.

ಕಿರ್ದಿ ಏನು ಹೇಳಿತು

ಸೀಸನ್ ಮುಗಿದ ಮೇಲೆ ಸಂಘ ಎರಡು ಪಾಲಾಯಿತು. ಮೈದಾನ ತುಂಬಿದ್ದನ್ನು ನೋಡಿದವರು ಯಶಸ್ಸು ಅಂದರು. ಗಲ್ಲಾ ನೋಡಿದವರು ಬೇಡ ಅಂದರು. ಒಪ್ಪಿದವರ ಕಿರ್ದಿ, ಅಂದರೆ ದಿನದ ವ್ಯಾಪಾರದ ಲೆಕ್ಕದ ಪುಸ್ತಕ, ನೋಡಿ ಲೆಕ್ಕ ಕೊಡಿ ಅಂತ ನನಗೆ ಹೇಳಿದರು. ಎಲ್ಲರೂ ಕೊಡಲಿಲ್ಲ, ಯಾವ ವ್ಯಾಪಾರಿ ತಾನೇ ಸುಲಭಕ್ಕೆ ಕಿರ್ದಿ ತೋರಿಸುತ್ತಾನೆ! ಕೊಟ್ಟವರ ಲೆಕ್ಕ ಮಾತ್ರ ಒಂದೇ ದಿಕ್ಕಿನಲ್ಲಿತ್ತು. ಪಂದ್ಯದ ದಿನ ಬೇಕರಿ, ಚಹಾ, ತಂಪು ಪಾನೀಯ, ಪಾನ್ ಅಂಗಡಿಗಳಿಗೆ ಲಾಭ. ಸೀರೆ, ಪಾತ್ರೆ, ಬಂಗಾರಕ್ಕೆ ಹೊಡೆತ. ಕೈತಪ್ಪಿದ ಗಿರಾಕಿಗಳಲ್ಲಿ ಕೆಲವರು ಬೇರೆ ದಿನ ಬಂದಿದ್ದರು, ಎಲ್ಲರೂ ಅಲ್ಲ. ಹುಡುಗಿಯರ ಪಂದ್ಯದ ದಿನ ಬಳೆ, ಚಪ್ಪಲಿ, ಆಟಿಕೆ, ರೆಡಿಮೇಡ್ ಬಟ್ಟೆ ಎಲ್ಲಾ ಮೇಲೆ.

ಕ್ರೀಡಾಂಗಣಗಳ ಬಗ್ಗೆ ಅರ್ಥಶಾಸ್ತ್ರಜ್ಞರು ಬಹಳ ಕಾಲದಿಂದ ಹೇಳುವುದೂ ಇದನ್ನೇ. ಜನ ಪಂದ್ಯಕ್ಕೆ ಮಾಡುವ ಖರ್ಚಿನಲ್ಲಿ ಬಹುಪಾಲು ಹೊಸ ದುಡ್ಡಲ್ಲ. ಸಿನಿಮಾಗೋ ಹೋಟೆಲಿಗೋ ಹೋಗಬೇಕಿದ್ದ ದುಡ್ಡು ಜಾಗ ಬದಲಿಸುತ್ತದೆ ಅಷ್ಟೇ. ನಮ್ಮಲ್ಲಿ ಇನ್ನೊಂದು ಸೇರಿತ್ತು. ಬಂದ ಮಂದಿಯೇ ಬರಬೇಕಾದ ಗಿರಾಕಿಗೆ ಅಡ್ಡ ನಿಂತಿದ್ದರು.

ಈ ಹಾಳೆ ಓದಿದ ಮೇಲೆ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬಳೆ ಅಂಗಡಿಯ ಅಕ್ಕಾರು, "ಅವತ್ತ ಕೇಳಿದ್ದನ್ನ ಈಗರ ಬರಕೊಳ್ರಿ" ಅಂದರು.

ಒಪ್ಪಂದದ ಒಂದು ಸಾಲು

ಇಷ್ಟರಲ್ಲಿ ಕಂಪನಿ ಹೊಸ ಪ್ರಸ್ತಾಪ ತಂದಿತು. ರಾಜ್ಯಮಟ್ಟದ ದೊಡ್ಡ ಲೀಗ್, ಅದರಲ್ಲಿ ಹುಬ್ಬಳ್ಳಿ ಹೆಸರಿನ ಒಂದು ತಂಡ, ಸಂಘಕ್ಕೆ ಪಾಲು, ಟಿವಿ ಪ್ರಸಾರ. ಅಧ್ಯಕ್ಷರಿಗೆ ಇದು ಕನಸು ಕೈಗೆ ಬಂದ ಹಾಗಿತ್ತು. ಒಪ್ಪಂದದ ಕರಡನ್ನು ಸಾಲು ಸಾಲಾಗಿ ಓದಿದಾಗ ನಡುವೆ ಒಂದು ಕಡೆ ಹೀಗಿತ್ತು: ತವರು ಪಂದ್ಯಗಳ ಸ್ಥಳವನ್ನು ಪ್ರಸಾರದ ಅನುಕೂಲ ನೋಡಿ ಕಂಪನಿಯೇ ನಿರ್ಧರಿಸುತ್ತದೆ.

ಕಂಪನಿಯವರು ಮುಚ್ಚುಮರೆ ಮಾಡಲಿಲ್ಲ, ಅದನ್ನು ಒಪ್ಪಬೇಕು. ಪ್ರಸಾರದ ವಾಹನ, ಸಿಬ್ಬಂದಿ, ದೀಪ ಎಲ್ಲವನ್ನೂ ಊರಿಂದೂರಿಗೆ ಸಾಗಿಸಿದರೆ ಲೀಗ್ ಮುಳುಗುತ್ತದೆ, ಒಂದೇ ಕಡೆ ಎಲ್ಲಾ ಪಂದ್ಯ ಆದರೆ ಉಳಿಯುತ್ತದೆ ಅಂತ ನೇರವಾಗಿ ಹೇಳಿದರು. ಇದು ಅವರೊಬ್ಬರ ಕಥೆಯೂ ಅಲ್ಲ. 2017ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ತನ್ನ ತವರು ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ. ಬೆಂಗಳೂರಿಗೇ ಹಾಗಾದರೆ ನಮ್ಮದೇನು?

ಸಂಘ ಒಂದು ಬೇಡಿಕೆ ಇಟ್ಟಿತು. ಎಲ್ಲಾ ಬೇಡ, ಒಂದಿಷ್ಟು ಪಂದ್ಯ ಈ ಮೈದಾನದಲ್ಲೇ ಆಗಬೇಕು, ಅದು ಬರವಣಿಗೆಯಲ್ಲಿ ಇರಬೇಕು. ಕಂಪನಿ ಒಪ್ಪಲಿಲ್ಲ. ಅದರ ಬದಲು ಜರ್ಸಿ ಮೇಲೆ ಪೇಟೆಯ ಹೆಸರು ಹಾಕುತ್ತೇವೆ ಅಂದರು.

ಆ ರಾತ್ರಿಯ ಸಭೆ ಉದ್ದ ನಡೆಯಿತು. ಅಧ್ಯಕ್ಷರು ಒಪ್ಪಂದದ ಪರ. ಊರಿನ ಹೆಸರು ಟಿವಿಯಲ್ಲಿ ಬಂದರೆ ಇವತ್ತಲ್ಲ ನಾಳೆ ಪೇಟೆಗೆ ಒಳ್ಳೆಯದು ಅನ್ನೋದು ಅವರ ವಾದ. ಪಾತ್ರೆ ಅಂಗಡಿಯ ಹಿರಿಯರೊಬ್ಬರು ಅವರದೇ ಮಾತನ್ನು ಅವರ ಮುಂದಿಟ್ಟರು: "ಸಾವ್ಕಾರ್ರ, ಪ್ಯಾಟಿ ಸಲುವಾಗಿ ಮಾಡೂ ಆಟ ಪ್ಯಾಟಿ ಬಿಟ್ಟು ಹೋಗಬಾರ್ದು ಅಂತ ನೀವ ಅಂದಿದ್ರಿ. ಈಗ ಹುಲೀನೂ ಅಡವೀನೂ ಎರಡೂ ಅವರಿಗೇ ಕೊಡೂದೇನ್ರಿ?"

ನನಗೆ ಆಗ ಸಿಯಾಟಲ್ ನೆನಪಾಯಿತು. 1967ರಿಂದ 41 ವರ್ಷ ಆ ಊರು ಬೆಳೆಸಿದ ತಂಡ 2008ರಲ್ಲಿ ಓಕ್ಲಹೋಮಾಗೆ ಎದ್ದು ಹೋಯಿತು. ಸೂಪರ್‌ಸೋನಿಕ್ಸ್ ಅನ್ನೋ ಹೆಸರು, ಬಣ್ಣ ಮಾತ್ರ ಸಿಯಾಟಲ್‌ನಲ್ಲಿ ಉಳಿದವು. ನಮ್ಮ ಮುಂದಿದ್ದ ಕರಡು ಸರಿಯಾಗಿ ಇದರ ತಿರುವು ಮುರುವು. ಹೆಸರು ಹೋಗುತ್ತದೆ ಆಡಲಿಕ್ಕೆ, ಊರು ಇಲ್ಲೇ ಕೂತಿರುತ್ತದೆ. ತಂಡ ಬಂದ ಮೇಲೂ ಖರ್ಚು ನಿಲ್ಲುವುದಿಲ್ಲ ಅನ್ನೋದಕ್ಕೂ ಓಕ್ಲಹೋಮಾವೇ ಸಾಕ್ಷಿ. ತಂಡವನ್ನು ಉಳಿಸಿಕೊಳ್ಳಲು ಹೊಸ ಕ್ರೀಡಾಂಗಣ ಬೇಕಾಗಿ, ಕನಿಷ್ಠ 90 ಕೋಟಿ ಡಾಲರ್ ಖರ್ಚಿಗೆ ಆ ಊರ ಜನ 2023ರ ಡಿಸೆಂಬರಿನಲ್ಲಿ ಮತ ಹಾಕಿದರು. 2025ರಲ್ಲಿ ಆ ತಂಡ ಎನ್‌ಬಿಎ ಗೆದ್ದದ್ದೂ ನಿಜ. ಅವರಿಗೆ ಅಷ್ಟು ಕೊಡಲು ಮನಸ್ಸೂ ಇತ್ತು, ತೆರಿಗೆಯೂ ಇತ್ತು. ನಮ್ಮ ಸಂಘಕ್ಕೆ ಇದ್ದದ್ದು ಪಟ್ಟಿ ಪುಸ್ತಕ.

ಕೈ ಎತ್ತಿಸಿದಾಗ ಸ್ವಲ್ಪವೇ ಅಂತರದಲ್ಲಿ ಒಪ್ಪಂದ ಬಿದ್ದುಹೋಯಿತು. ಊರ ಹೆಸರು ಟಿವಿಯಲ್ಲಿ ಬರೋದನ್ನ ತಪ್ಪಿಸಿದ್ರಿ ಅಂತ ಹುಡುಗರು ಸಿಟ್ಟಾದರು. ಅವರ ಸಿಟ್ಟು ಪೂರ್ತಿ ತಪ್ಪಲ್ಲ. ಲೀಗಿನಲ್ಲಿ ಆಡಿ ಮೇಲೆ ಹೋಗಬಹುದಾಗಿದ್ದ ಒಂದಿಬ್ಬರು ಒಳ್ಳೆಯ ರೇಡರ್‌ಗಳು ಅವರಲ್ಲಿದ್ದರು. ಪೇಟೆಯ ಹಿತ ಬೇರೆ, ಆಟಗಾರನ ಹಿತ ಬೇರೆ. ಆ ರಾತ್ರಿ ಸಂಘ ಪೇಟೆಯದನ್ನು ನೋಡಿಕೊಂಡಿತು. ಕೋಚ್ ಮಾತ್ರ ಆ ಹುಡುಗರನ್ನು ಬೇರೆ ಊರಿನ ಆಯ್ಕೆ ಶಿಬಿರಗಳಿಗೆ ಸ್ವಂತ ಖರ್ಚಿನಲ್ಲಿ ಕಳಿಸಿದರು.

ಅಧ್ಯಕ್ಷರು ಸೋತರೂ ಕುರ್ಚಿ ಬಿಡಲಿಲ್ಲ, ಬಿಡಿ ಅಂತ ಯಾರೂ ಹೇಳಲೂ ಇಲ್ಲ.

ಎರಡನೇ ಸಲ

ಈ ಸಲ ಕೆಂಪು ಪೆನ್ನು ಮೇಲಿನಿಂದ ಕೆಳಗೆ ಬಂತು. ಹರಾಜು ಇಲ್ಲ, ಸಿನಿಮಾ ಅತಿಥಿ ಇಲ್ಲ. ಬಾಡಿಗೆಗೆ ಮ್ಯಾಟ್, ಸ್ಥಳೀಯ ಕ್ಲಬ್ಬು, ಕಾಲೇಜು, ಶಾಲೆಗಳ ತಂಡ. ಪ್ರತಿ ದಿನ ಹುಡುಗಿಯರ ಒಂದು ಪಂದ್ಯ ಕಡ್ಡಾಯ.

ದೊಡ್ಡ ಬದಲಾವಣೆ ದಿನದ್ದು. ಪಂದ್ಯಗಳನ್ನು ಪೇಟೆಯ ವಾರದ ರಜೆಯ ದಿನಕ್ಕೆ ಹಾಕಿದರು, ಮಧ್ಯಾಹ್ನ ನಾಲ್ಕರಿಂದ ಏಳರವರೆಗೆ. ಅವತ್ತು ಓಣಿ ಖಾಲಿ, ಜವಳಿ ಗಿರಾಕಿಗೆ ಅಡ್ಡಿ ಇಲ್ಲ, ಹಳ್ಳಿಯ ಬಸ್ಸಿಗೂ ಹೊತ್ತಾಗುವುದಿಲ್ಲ. ಆದರೆ ಅಂಗಡಿ ಮುಚ್ಚಿದ್ದರೆ ಆಟ ಯಾಕೆ? ಇಷ್ಟ ಇದ್ದವರು ಸರದಿ ಮೇಲೆ ತೆರೆಯುವುದು ಅಂತ ಆಯಿತು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಕೆಲಸದವರಿಗೆ ವಾರಕ್ಕೊಂದು ರಜೆ ಕೊಡಲೇಬೇಕು. ಅವತ್ತು ಬಂದ ಹುಡುಗರಿಗೆ ವಾರದ ನಡುವೆ ಬೇರೆ ದಿನ ರಜೆ ಬರೆದು ಕೊಟ್ಟರು. ಇದನ್ನು ಬಾಯಿಮಾತಿಗೆ ಬಿಟ್ಟಿದ್ದರೆ ಎರಡನೇ ವಾರಕ್ಕೇ ಜಗಳ ಆಗುತ್ತಿತ್ತು.

ಬೈಕುಗಳಿಗೆ ಒಂದು ಶಾಲೆಯ ಅಂಗಳ ಸಿಕ್ಕಿತು. ಕಲ್ಯಾಣ ಮಂಟಪದ ಶೌಚಾಲಯವನ್ನು ಸೀಸನ್ ಮುಗಿಯೋವರೆಗೆ ಬಾಡಿಗೆಗೆ ಹಿಡಿದರು. ಮೈದಾನದ ಗೇಟಿನಿಂದ ಓಣಿಯ ಕೊನೆಯವರೆಗೆ ದೀಪ ಹಾಕಿಸಿದರು. ಗಾಡಿಯವರಿಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಚೀಟಿ ಎತ್ತಿ ಜಾಗ ಹಂಚಿದರು. ಮಿರ್ಚಿ ಕಾಕಾಗೆ ಮೂಲೆ ಜಾಗ ಬಂತು. ಗಾಳಿ ಅಡ್ಡ ಬಂದು ಒಲೆ ಆರುತ್ತದೆ ಅಂತ ತಕರಾರು ತೆಗೆದರು, ಪಕ್ಕದವರ ಜೊತೆ ಅದಲು ಬದಲು ಮಾಡಿಕೊಂಡರು.

ಪ್ರೇಕ್ಷಕರು ಮೊದಲ ವರ್ಷದಷ್ಟು ಇರಲಿಲ್ಲ. ಗ್ಯಾಲರಿ ಅರ್ಧ ಖಾಲಿ ಇದ್ದ ದಿನವೂ ಇತ್ತು. ಆದರೆ ಬಂದವರು ಸಂಸಾರ ಸಮೇತ ಬಂದರು. ತೆರೆದ ಅಂಗಡಿಗಳಲ್ಲಿ ಬಳೆ, ಚಪ್ಪಲಿ, ಆಟಿಕೆ, ತಿಂಡಿಯವರಿಗೆ ಒಳ್ಳೆಯ ದಿನಗಳು. ಸೀರೆ, ಬಂಗಾರದವರಿಗೆ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ, ನಷ್ಟ ನಿಂತಿತು. ಹಾಗಾಗಿ ಅವರು ಪಟ್ಟಿ ಕಡಿಮೆ ಕೊಡುತ್ತೇವೆ ಅಂದರು. ನ್ಯಾಯವೇ.

ಯಾರೂ ಲೆಕ್ಕ ಹಾಕಿರದ ಒಂದು ಕೆಲಸ ಆಯಿತು. ದೀಪ ಬಿದ್ದ ಓಣಿಯಲ್ಲಿ ಒಬ್ಬ ಮಾಲಕ ಮತ್ತು ಅವನ ಪಗಡಿ ಬಾಡಿಗೆದಾರ, ವರ್ಷಗಟ್ಟಲೆ ಮಾತು ಬಿಟ್ಟವರು, ಒಂದು ಮಾಳಿಗೆಯ ಬಗ್ಗೆ ಕೂತು ಮಾತಾಡಿದರು. ಕೋಚ್‌ಗೆ ಮಕ್ಕಳ ವ್ಯಾಯಾಮ ತರಗತಿಗೆ ಜಾಗ ಬೇಕಿತ್ತು. ಎಂಜಿನಿಯರ್ ಬಂದು ನೋಡಿ, ಹಳೇ ಕಟ್ಟಿಗೆಯ ತೊಲೆ, ತೂಕದ ಸಾಮಾನು ಇಡಬೇಡಿ, ಕುಣಿದಾಟ ಬೇಡ ಅಂದರು. ವ್ಯಾಯಾಮದ ಬದಲು ಕೇರಂ, ಚೆಸ್ ಬಂತು. ಮಾಳಿಗೆ ರಿಪೇರಿ ಖರ್ಚು ಮಾಲಕನದು, ಬಾಡಿಗೆಯಲ್ಲಿ ಇಬ್ಬರಿಗೂ ಪಾಲು, ಎಲ್ಲಾ ಬರವಣಿಗೆಯಲ್ಲಿ. ಮಕ್ಕಳನ್ನು ಬಿಟ್ಟು ಹೋಗಲು ಬರುವ ತಾಯಂದಿರು ಒಂದು ಗಂಟೆ ಕೆಳಗೆ ಪೇಟೆಯಲ್ಲೇ ಇರುತ್ತಾರೆ. ಪಂದ್ಯ ವರ್ಷಕ್ಕೊಮ್ಮೆ, ಇದು ವಾರವಿಡೀ.

ಬೇರೆ ಊರಿನವರು ಗಮನಿಸಬೇಕಾದದ್ದು

ಆಟ ಬೇಡ ಅಂತ ಈ ಪ್ರಕರಣ ಹೇಳುವುದಿಲ್ಲ. ತಂಡ ಬೇಕೋ ಪೇಟೆ ಬೇಕೋ ಅನ್ನೋದನ್ನು ಪಟ್ಟಿ ಎತ್ತುವ ಮುಂಚೆಯೇ ತೀರ್ಮಾನಿಸಿ. ಎರಡೂ ಬೇಕು ಅಂದರೆ ಎರಡಕ್ಕೂ ಬೇರೆ ಬೇರೆ ಲೆಕ್ಕ ಇಡಿ. ಗ್ಯಾಲರಿಯ ಫೋಟೋ ನೋಡಿ ಪೇಟೆಯ ಆರೋಗ್ಯ ಹೇಳಲು ಆಗುವುದಿಲ್ಲ, ಅದಕ್ಕೆ ಕಿರ್ದಿ ಬೇಕು, ಅದನ್ನು ತೋರಿಸುವ ನಾಲ್ಕು ಜನ ವ್ಯಾಪಾರಿಗಳೂ ಬೇಕು. ಯಾರಾದರೂ ಊರ ಹೆಸರು ಕೇಳಿದರೆ, ಪಂದ್ಯ ಎಲ್ಲಿ ಆಡುತ್ತೀರಿ ಅನ್ನೋದನ್ನು ಬರೆಸಿಕೊಳ್ಳದೆ ಕೊಡಬೇಡಿ. ಊರಿನ ಹತ್ತಿರ ಚೌಕಾಸಿಗೆ ಇರುವ ಒಂದೇ ವಸ್ತು ಆ ಹೆಸರು.

ಸಭೆಯಲ್ಲಿ ಯಾರು ಕೂತಿದ್ದಾರೆ ಅನ್ನೋದೂ ಮುಖ್ಯ. ಮೊದಲ ವರ್ಷ ದಿನ, ಹೊತ್ತು, ಖರ್ಚು ನಿರ್ಧರಿಸಿದವರಲ್ಲಿ ಹೆಣ್ಣುಮಗಳು ಒಬ್ಬರೇ, ಗಾಡಿಯವರು ಒಬ್ಬರೂ ಇಲ್ಲ. ಎರಡನೇ ವರ್ಷ ಮಿರ್ಚಿ ಕಾಕಾ ಸಭೆಗೆ ಬಂದರು. ಮಾತಾಡಿದ್ದು ಕಡಿಮೆ, ಆದರೆ ಸುಣ್ಣದ ಗೆರೆಯ ಉಪಾಯ ಅವರದೇ.

ಸಂಘದ ಈಚಿನ ಸಭೆಯಲ್ಲಿ ಎರಡು ವಿಷಯ ಇದ್ದವು. ಚನ್ನಮ್ಮ ವೃತ್ತದ ಮೇಲ್ಸೇತುವೆ ಕೆಲಸದಿಂದ ಬಸ್ಸುಗಳು ಸುತ್ತು ಹಾಕಿ ಬರುತ್ತಿವೆ, ಹಾಗಾಗಿ ಪಂದ್ಯವನ್ನು ಅರ್ಧ ಗಂಟೆ ಮುಂಚೆ ಶುರು ಮಾಡಬೇಕೇ ಅನ್ನೋದು ಒಂದು. ಅದಕ್ಕೆ ಎಲ್ಲರೂ ಒಪ್ಪಿದರು. ಓಣಿ ದೀಪದ ಕರೆಂಟ್ ಬಿಲ್ಲು ಇನ್ನು ಮುಂದೆ ಯಾರು ಕಟ್ಟಬೇಕು ಅನ್ನೋದು ಇನ್ನೊಂದು. ಅಂಗಡಿ ಲೆಕ್ಕದಲ್ಲಿ ಸಮನಾಗಿ ಅಂತ ಕೆಲವರು, ಅಂಗಡಿಯ ಅಗಲದ ಲೆಕ್ಕದಲ್ಲಿ ಅಂತ ಕೆಲವರು. ಅದು ಮುಂದಿನ ಸಭೆಗೆ ಹೋಗಿದೆ.